ಕಲ್ಲಿನ ಮೇಲೆ ಬೇಡವಾದ ಹೆಸರು

ನಮ್ಮ ತಾತನ ಹೆಸರು ಹೇಳಿದ ಕೂಡಲೇ ಮಿಸ್ ಬ್ರೂಗೆಮಾನ್ ಕೈಯಲ್ಲಿದ್ದ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದರು.

"ಆ ಹೆಸರು ಬೇಡ," ಅಂದರು. "ನಾನು ಉಸಿರಾಡ್ತಿರೋವರೆಗೂ ಆ ಕಲ್ಲಿನ ಮೇಲೆ ಕಾನ್ರಾಡ್ ಹೆಸರು ಬರಕೂಡದು."

ಎಂಬತ್ತಾರನೇ ಇಸವಿಯ ಏಪ್ರಿಲ್ ತಿಂಗಳು. ನಮ್ಮ ಕೆಲರ್ಸ್ ಗ್ರೋವ್ ಊರಿಗೆ ಆ ವರ್ಷ ನೂರು ತುಂಬುವುದಿತ್ತು. ಅಮೆರಿಕದ ಇಲಿನಾಯ್ ರಾಜ್ಯದ ದಕ್ಷಿಣದ ಈ ಕಡೆಯ ಊರುಗಳೆಲ್ಲ ಹುಟ್ಟಿದ್ದೇ ಕಲ್ಲಿದ್ದಲಿನಿಂದ, ನಮ್ಮದೂ ಹಾಗೆಯೇ. ಗಣಿ ಮುಚ್ಚಿ ಬಹಳ ಕಾಲವಾಗಿತ್ತು. ಅದರ ಬಾಯಿಯ ಹತ್ತಿರ ಒಂದು ಕಪ್ಪು ಕಲ್ಲು ನಿಲ್ಲಿಸಿ, ಅಲ್ಲಿ ದುಡಿದವರ ಹೆಸರನ್ನೆಲ್ಲ ಕೆತ್ತಿಸಬೇಕೆಂದು ಊರಿನವರು ಒಂದು ಸಮಿತಿ ಮಾಡಿಕೊಂಡಿದ್ದರು. ಅಧ್ಯಕ್ಷ ಲೈಲ್ ಟೇಟ್, ಮುಖ್ಯ ಬೀದಿಯ ಹಾರ್ಡ್‌ವೇರ್ ಅಂಗಡಿಯವನು. "ಗಣಿಗೆ ಇಳಿದವರು ಯಾರೇ ಆಗಲಿ, ಮನೆಯವರು ಬಂದು ಹೆಸರು ಹೇಳಿದರೆ ಸಾಕು" ಎಂದು ಅವನೇ ಸಾರಿದ್ದ. ಅದನ್ನು ನಂಬಿಕೊಂಡು ನಾನು ಹೋಗಿದ್ದೆ.

ಲೈಲ್ ನನ್ನ ಮುಖ ನೋಡಲಿಲ್ಲ. "ಮಿಸ್ ಬೇಡ ಅಂದ್ರೆ ನಾನೇನು ಮಾಡ್ಲಿ, ವೆಲ್ಡಾ," ಅಂದ. "ಅವರು ಹಿರಿಯರು. ಏನೋ ಕಾರಣ ಇರುತ್ತೆ."

"ಏನು ಕಾರಣ, ಮಿಸ್?"

"ನಿಮ್ಮಪ್ಪನ್ನ ಕೇಳು," ಎಂದು ಅವರು ಕೋಟು ಹಾಕಿಕೊಂಡರು.

ಅವರು ನನಗೆ ಮೂರನೇ ಕ್ಲಾಸಿನಲ್ಲಿ ಪಾಠ ಹೇಳಿದವರು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದ್ದು ಅವರೇ. ಎಪ್ಪತ್ತೇಳು ವಯಸ್ಸಾದರೂ ಎಲ್ಲರ ಬಾಯಲ್ಲೂ ಇನ್ನೂ ಬರೀ 'ಮಿಸ್'. ಮೂರನೇ ಕ್ಲಾಸಿನ ಆ ವರ್ಷವಿಡೀ ಅವರು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಕೈ ಎತ್ತಿದರೂ ಪಕ್ಕದವಳನ್ನು ಕೇಳುತ್ತಿದ್ದರು. ನಾನು ದಡ್ಡಿ ಇರಬೇಕು ಎಂದುಕೊಂಡು ಬೆಳೆದೆ. ಈಗ ನಲವತ್ತೆಂಟರಲ್ಲಿ, ಅದೇ ಶಾಲೆಯ ಬಸ್ ಓಡಿಸುತ್ತಾ, ಅದು ನನ್ನ ದಡ್ಡತನಕ್ಕೆ ಆಗಿದ್ದಲ್ಲ ಎಂದು ಮೊದಲ ಸಲ ಅನ್ನಿಸಿತು.

ತಾತನ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಹೆಸರು ಕಾನ್ರಾಡ್, ನಾನು ಹುಟ್ಟುವ ಮೊದಲೇ ಗಣಿಯಲ್ಲಿ ಮೇಲಿನ ಬಂಡೆ ಕಳಚಿ ಬಿದ್ದು ಸತ್ತ. ಒಂದು ಫೋಟೋ ಕೂಡ ಇರಲಿಲ್ಲ. ಜರ್ಮನಿಯಿಂದ ಬಂದವರ ಮನೆಗಳಲ್ಲಿ ಗೋಡೆ ತುಂಬ ಮೀಸೆಯ ಮುದುಕರು ತೂಗಾಡುತ್ತಾರೆ. ನಮ್ಮ ಗೋಡೆ ಬೋಳು.

ಅಪ್ಪ ಅಡುಗೆಮನೆಯಲ್ಲಿ ಈರುಳ್ಳಿ ಹಾಕಿ ಆಲೂಗಡ್ಡೆ ಹುರಿಯುತ್ತಿದ್ದರು. ಕಬ್ಬಿಣದ ಒಲೆಗಳನ್ನು ಎರಕ ಹೊಯ್ಯುವ ಕಾರ್ಖಾನೆಯಲ್ಲಿ ಆಯುಷ್ಯ ಕಳೆದು ನಿವೃತ್ತರಾದವರು. ಅಮ್ಮ ಹೋದ ಮೇಲೆ ಅಡುಗೆ ಅವರದೇ. ನಾನು ನಡೆದದ್ದು ಹೇಳಿದೆ. ಅವರು ಹಿಂದಿರುಗಿ ನೋಡಲಿಲ್ಲ.

"ನಿನ್ನನ್ನ ಅಲ್ಲಿಗೆ ಹೋಗು ಅಂತ ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ನಮ್ಮ ತಾತ ಅಲ್ವಾ?"

"ನಿಂಗೆ ತಾತ ಇರ್ಲಿಲ್ಲ. ಬಸ್ ಓಡಿಸ್ಕೊಂಡು ಸುಮ್ನೆ ಇರು."

"ಅಪ್ಪ, ಅವನು ಏನು ಮಾಡಿದ?"

ಅವರು ಬಾಣಲೆಯನ್ನು ಹಾಗೆಯೇ ಎತ್ತಿ ಆಲೂಗಡ್ಡೆಯನ್ನೆಲ್ಲ ಕಸದ ಡಬ್ಬಿಗೆ ಸುರಿದರು. "ಈಗ ಊಟಾನೂ ಹೋಯ್ತು," ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಎಪ್ಪತ್ನಾಲ್ಕು ವರ್ಷದ ಎರ್ವಿನ್ ಸ್ಟೋನ್ ಕೋಪ ಮಾಡಿಕೊಂಡದ್ದನ್ನು ನೋಡಿದ್ದೆ, ಆದರೆ ಊಟ ಚೆಲ್ಲಿದ್ದನ್ನು ನೋಡಿರಲಿಲ್ಲ.

ಮರುದಿನ ಬಸ್ ನಿಲ್ಲಿಸಿ ಸ್ಮಶಾನಕ್ಕೆ ಹೋದೆ. ಅಜ್ಜಿ ಲೀಸ್ಬೆತ್‌ಳ ಸಮಾಧಿ ಚರ್ಚಿನ ಪಕ್ಕದಲ್ಲಿದೆ, ಅದು ನನಗೆ ಗೊತ್ತಿತ್ತು. ಅದರ ಮೇಲೆ 'ಸ್ಟೈನ್‌ಬ್ರೆಕರ್' ಎಂದಿದೆ. ಕಲ್ಲು ಒಡೆಯುವವನು ಎಂದು ಅದರ ಅರ್ಥ. ಹಳೆಯ ಹೆಸರು, ಉದ್ದ ಆಯಿತೆಂದು ಕತ್ತರಿಸಿ 'ಸ್ಟೋನ್' ಮಾಡಿಕೊಂಡೆವು ಎಂದು ಅಪ್ಪ ಚಿಕ್ಕಂದಿನಲ್ಲಿ ಹೇಳಿದ್ದರು. ಅಜ್ಜಿಯ ಎರಡೂ ಪಕ್ಕ ಬೇರೆ ಯಾರೋ. ತಾತನನ್ನು ಹುಡುಕುತ್ತಾ ಗುಡ್ಡದ ಹಿಂಬದಿಗೆ ಇಳಿದೆ. ದಿಕ್ಕಿಲ್ಲದವರನ್ನು ಹೂಳುತ್ತಿದ್ದ ಜಾಗ ಅದು. ಬೇಲಿಗೆ ಅಂಟಿಕೊಂಡು ಒಂದು ಸಿಮೆಂಟಿನ ಹಲಗೆ: ಕಾನ್ ಸ್ಟೋನ್. ಹೆಂಡತಿ ಒಂದು ಹೆಸರಲ್ಲಿ ಚರ್ಚಿನ ನೆರಳಿನಲ್ಲಿ, ಗಂಡ ಇನ್ನೊಂದು ಹೆಸರಲ್ಲಿ ಬೇಲಿಯ ಬುಡದಲ್ಲಿ. ಇಷ್ಟು ನೋಡಿದ ಮೇಲೆ ಸುಮ್ಮನಿರುವುದು ನನ್ನ ಕೈಲಾಗಲಿಲ್ಲ. ಅಲ್ಲಿಂದ ನೇರ ಮಿಸ್ ಬ್ರೂಗೆಮಾನ್ ಮನೆಗೆ ಹೋದೆ.

ಅವರು ಹಿತ್ತಿಲ ಜಗಲಿಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದರು. ಪಕ್ಕದಲ್ಲಿ ಖಾಲಿ ಕುರ್ಚಿ ಇತ್ತು. ನಾನು ಮೆಟ್ಟಿಲ ಮೇಲೆ ಕಾಲಿಟ್ಟೆ.

"ಕೂತ್ಕೋ ಅಂತ ನಾನು ಹೇಳಿಲ್ಲ."

"ನಿಂತೇ ಕೇಳ್ತೀನಿ, ಮಿಸ್."

"ನಿಮ್ಮಪ್ಪ ಹೇಳ್ಲಿಲ್ವಾ?"

"ಇಲ್ಲ."

"ಹೇಳೋಕೆ ಬಾಯಿ ಬರ್ಬೇಕಲ್ಲ." ಅವರು ಬಟಾಣಿಯ ಬುಟ್ಟಿ ಕೆಳಗಿಟ್ಟರು. "ಸರಿ. ಒಂದು ಸಲ ಹೇಳ್ತೀನಿ. ಕೇಳ್ಕೊಂಡು ಹೋಗು. ಮತ್ತೆ ಈ ಕಡೆ ಬರ್ಬೇಡ."

ಅವರ ಅಪ್ಪ ಹೆರ್ಮನ್ ಮತ್ತು ನನ್ನ ತಾತ ಕಾನ್ರಾಡ್, ಇಬ್ಬರ ತಂದೆಯರೂ ಜರ್ಮನಿಯ ಒಂದೇ ಹಳ್ಳಿಯಿಂದ ಬಂದವರು. ಮಕ್ಕಳಿಬ್ಬರೂ ಇಲ್ಲೇ ಹುಟ್ಟಿ, ಮೀಸೆ ಬರುವ ಮೊದಲೇ ಗಣಿಗೆ ಇಳಿದಿದ್ದರು. ಗಣಿಯಲ್ಲಿ ಇಬ್ಬಿಬ್ಬರಿಗೆ ಒಂದು ಜಾಗ ಕೊಡುತ್ತಿದ್ದರು. ಒಬ್ಬ ಕೊರೆದರೆ ಇನ್ನೊಬ್ಬ ತುಂಬುವುದು; ಒಬ್ಬ ಬಾಗಿದ್ದಾಗ ಮೇಲಿನ ಬಂಡೆಯ ಸದ್ದಿಗೆ ಇನ್ನೊಬ್ಬ ಕಿವಿ ಕೊಡುವುದು. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಅವರಿಬ್ಬರು ಹೀಗೆ ಜೊತೆಗಾರರು. ಭಾನುವಾರ ಹೆರ್ಮನ್‌ನ ಹಿತ್ತಿಲಲ್ಲಿ ಬಿಯರು, ಕಾನ್ರಾಡ್‌ನ ಅಕಾರ್ಡಿಯನ್.

"ನನ್ನನ್ನ ಇಲಿಮರಿ ಅಂತ ಕರೀತಿದ್ದ," ಮಿಸ್ ಹೇಳಿದರು. "ತೊಡೆ ಮೇಲೆ ಕೂರಿಸ್ಕೊಂಡು ಅಕಾರ್ಡಿಯನ್ ಗುಂಡಿ ಒತ್ತಿಸ್ತಿದ್ದ. ಅದಕ್ಕೇ ನನಗೆ ಆ ವಾದ್ಯ ಕೇಳಿದ್ರೆ ವಾಂತಿ ಬರುತ್ತೆ."

ಆಮೇಲೆ ಮೊದಲ ಮಹಾಯುದ್ಧ ಬಂತು, ಅಮೆರಿಕ ಜರ್ಮನಿಯ ವಿರುದ್ಧ ನಿಂತಿತು. ಹದಿನೆಂಟನೇ ಇಸವಿಯ ಹೊತ್ತಿಗೆ ಬೀದಿಯಲ್ಲಿ ಜರ್ಮನ್ ಮಾತಾಡಿದರೆ ಉಗುಳುತ್ತಿದ್ದರು. ಚರ್ಚಿನಲ್ಲಿ ಜರ್ಮನ್ ಪ್ರಾರ್ಥನೆ ನಿಂತಿತು. ಹೆರ್ಮನ್ ಬಾಯಿ ಕಟ್ಟಿಕೊಂಡಿರುವ ಜನವಲ್ಲ. "ಆ ಕಡೆ ಸಾಯ್ತಿರೋನೂ ಗಣಿಯವನೇ, ಈ ಕಡೆ ಸಾಯ್ತಿರೋನೂ ಗಣಿಯವನೇ" ಎಂದು ಗಣಿಯೊಳಗೆ ಊಟದ ಹೊತ್ತಿನಲ್ಲಿ ಅಂದುಬಿಟ್ಟ. ಆ ಮಾತು ಮೇಲಕ್ಕೆ ಬರುವಷ್ಟರಲ್ಲಿ, ಹೆರ್ಮನ್ ಬ್ರೂಗೆಮಾನ್ ಗಣಿ ಸಿಡಿಸಲು ಮದ್ದು ಕದ್ದಿಟ್ಟಿದ್ದಾನೆ ಎಂದಾಗಿತ್ತು.

"ಭಾನುವಾರ ಮಧ್ಯಾಹ್ನ," ಅಂದರು ಮಿಸ್. "ಬೀದೀಲಿ ಗಲಾಟೆ ಕೇಳಿಸ್ತು. ಅಪ್ಪ ಬಾಗಿಲಿಗೆ ಅಡ್ಡ ದೊಡ್ಡ ಪೆಟ್ಟಿಗೆ ಇಟ್ರು. ಯಾರು ಕರೆದ್ರೂ ತೆಗೀಬೇಡ ಅಂದ್ರು. ಸ್ವಲ್ಪ ಹೊತ್ತಿಗೆ ಸದ್ದು ನಿಂತುಹೋಯ್ತು. ಹೋದ್ರು ಅಂದ್ಕೊಂಡ್ವಿ. ಆಗ ಹೊರಗಿಂದ ನಿಮ್ಮ ತಾತನ ದನಿ. ನಮ್ಮ ಭಾಷೇಲಿ. 'ಹೆರ್ಮನ್, ನಾನು ಕಾನ್ರಾಡ್. ಒಬ್ನೇ ಇದೀನಿ. ತೆಗಿ, ಹಳ್ಳದ ದಾರೀಲಿ ನಿಮ್ಮನ್ನ ದಾಟಿಸ್ತೀನಿ.' ಅಮ್ಮಾನೇ ಪೆಟ್ಟಿಗೆ ಸರಿಸಿ ಚಿಲಕ ತೆಗೆದ್ಲು."

ಅವರು ಮಡಿಲಲ್ಲಿ ಬಿದ್ದಿದ್ದ ಬಟಾಣಿ ಸಿಪ್ಪೆ ಕೊಡವಿದರು.

"ಅವನ ಹಿಂದೆ ಊರಿಗೂರೇ ನಿಂತಿತ್ತು."

ಹೆರ್ಮನ್‌ನನ್ನು ಬರಿಗಾಲಲ್ಲಿ ಮುಖ್ಯ ಬೀದಿಯುದ್ದಕ್ಕೂ ಎಳೆದುಕೊಂಡು ಹೋದರು; ಒಂಬತ್ತು ವರ್ಷದ ಮಿಸ್ ಹಿಂದೆಯೇ ಓಡಿದ್ದರು. ಗಣಿಯವರ ಸಭಾಂಗಣದ ಮೆಟ್ಟಿಲ ಮೇಲೆ ಮಂಡಿಯೂರಿಸಿ ಬಾವುಟಕ್ಕೆ ಮುತ್ತಿಡಿಸಿದರು. ಆಮೇಲೆ ಹೇಡಿಯ ಗುರುತು ಎಂದು ತಲೆಯ ಮೇಲಿಂದ ಹಳದಿ ಬಣ್ಣ ಸುರಿದರು. ಆ ಬಣ್ಣದಲ್ಲಿ ಸುಣ್ಣವಿತ್ತು. ಅವನು ಸಾಯಲಿಲ್ಲ, ಕಣ್ಣು ಹೋದವು. ಕಣ್ಣಿಲ್ಲದವನು ಗಣಿಗೆ ಇಳಿಯುವಂತಿಲ್ಲ. ಸಾಯುವವರೆಗೂ ಮನೆಯಲ್ಲೇ ಕೂತು ಪೊರಕೆ ಕಟ್ಟಿದ.

"ನಮ್ಮಮ್ಮ ಮತ್ತೆ ಆ ಮುಂಬಾಗಿಲು ಮುಟ್ಲಿಲ್ಲ. ಅವಳ ಹೆಣಾನೂ ಹಿತ್ತಿಲ ಬಾಗಿಲಿಂದಾನೇ ಹೋಯ್ತು," ಅಂದರು ಮಿಸ್. "ನಿಮ್ಮ ತಾತ ಏನು ಮಾಡಿದ ಗೊತ್ತಾ? ಚಳಿಗಾಲ ಬಂತು ಅಂದ್ರೆ ಪ್ರತಿ ಶನಿವಾರ ಒಂದು ಚೀಲ ಕಲ್ಲಿದ್ದಲು ತಂದು ನಮ್ಮ ಹಿತ್ತಿಲಲ್ಲಿ ಇಟ್ಟು ಹೋಗೋನು. ಅಮ್ಮ ಅದನ್ನ ಎಳಕೊಂಡು ಹೋಗಿ ಬೀದೀಲಿ ಬಿಸಾಕೋಳು. ಬೀದಿಯವರು ಬಾಚ್ಕೊಂಡು ಹೋಗ್ತಿದ್ರು. ನಾವು ಹಲ್ಲು ಕಟಕಟ ಅಂತ ಕೂತಿರ್ತಿದ್ವಿ. ನನಗೆ ಎಷ್ಟು ಆಸೆ ಆಗ್ತಿತ್ತು ಅಂದ್ರೆ, ಒಂದೇ ಒಂದು ಉಂಡೆ ಒಲೆಗೆ ಹಾಕೋಣ ಅಂತ. ಮೂವತ್ತೊಂದರಲ್ಲಿ ಒಂದು ಶನಿವಾರ ಚೀಲ ಬರ್ಲಿಲ್ಲ. ಸತ್ತ ಅಂತ ಗೊತ್ತಾಯ್ತು. ಅಮ್ಮ ಅವತ್ತು ಸಿಹಿ ರೊಟ್ಟಿ ಸುಟ್ಲು."

"ನನಗೆ ಗೊತ್ತಿರ್ಲಿಲ್ಲ, ಮಿಸ್," ಅಂದೆ.

"ಈಗ ಗೊತ್ತಾಯ್ತಲ್ಲ. ಹೊರಡು."

ಮನೆಗೆ ಬಂದು ಅಪ್ಪನ ಕೋಣೆಯ ಬಾಗಿಲು ತಟ್ಟಲಿಲ್ಲ, ನೂಕಿದೆ. ಅವರು ಮಂಚದ ಅಂಚಿನಲ್ಲಿ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದರು. ನಾನು ಕೇಳಿಬಂದದ್ದನ್ನೆಲ್ಲ ಅವರ ಮುಖದ ಮೇಲೆ ಸುರಿದೆ. ಇಂಥವನ ಹೆಸರನ್ನು ಕಲ್ಲಿನ ಮೇಲೆ ಹಾಕಿಸಲು ನಾನು ಹೋಗುವ ಹಾಗಾಯಿತಲ್ಲ, ಇಷ್ಟು ವರ್ಷ ಯಾಕೆ ಮುಚ್ಚಿಟ್ಟಿರಿ ಅಂದೆ. ಊರೆಲ್ಲ ಬೆನ್ನ ಹಿಂದೆ ನಗುತ್ತಿತ್ತೇನೋ, ನಾನು ಹೆಮ್ಮೆಯಿಂದ ಹೆಸರು ಹೇಳಿಬಂದೆನಲ್ಲ ಅಂದೆ.

"ಮುಗೀತಾ?" ಅಂದರು. "ಆರ್ಡಿತ್, ನಿಮ್ಮ ಮಿಸ್, ಬಾಗಿಲ ಒಳಗೆ ನಿಂತು ನೋಡಿದ್ದು ಹೇಳಿದಾಳೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಹೊರಗಿಂದು ಅವಳಿಗೆ ಗೊತ್ತಿಲ್ಲ. ಅದನ್ನ ನನ್ನಿಂದ ಕೇಳು."

ಅಪ್ಪನಿಗೆ ಆಗ ಆರು ವರ್ಷ. ಗುಂಪು ಮೊದಲು ಬಂದದ್ದು ನಮ್ಮ ಮನೆಗೆ. ಮುಂದೆ ನಿಂತಿದ್ದವನು ಗಣಿಯ ಮೇಸ್ತ್ರಿ ಓರ್ವಿಲ್ ಟೇಟ್, ಲೈಲ್‌ನ ತಾತ. ಕೈಯಲ್ಲಿ ಹಗ್ಗ. ಅಜ್ಜಿ ಲೀಸ್ಬೆತ್ ಎಂಟು ತಿಂಗಳ ಬಸುರಿ, ಗಂಡನ ತೋಳು ಹಿಡಿದುಕೊಂಡು ಅಂಗಳದಲ್ಲಿ ನಿಂತಿದ್ದಳು. ಟೇಟ್ ಹಗ್ಗವನ್ನು ಅಕ್ರೋಟದ ಮರದ ಕೊಂಬೆಗೆ ಎಸೆದ.

"'ನಮಗೆ ಒಬ್ಬ ಜರ್ಮನ್ ಸಾಕು,' ಅಂದ ಅವನು," ಅಪ್ಪ ಹೇಳಿದರು. "'ನೀನೋ, ಅವನೋ? ನೀನೇ ಹೇಳು. ಅವನು ನಾವು ಕರೆದ್ರೆ ತೆಗೆಯಲ್ಲ, ನೀನು ಕರೆದ್ರೆ ತೆಗೀತಾನೆ.' ಅಪ್ಪ ಅಮ್ಮನ ಕಡೆ ನೋಡಿದ್ರು. ಅಮ್ಮ ಜರ್ಮನ್‌ನಲ್ಲಿ 'ಹೋಗ್ಬೇಡ' ಅಂದ್ಲು. ಅಷ್ಟೇ ಅಂದಿದ್ದು. ಅಪ್ಪ ಅವಳ ಕೈ ಬಿಡಿಸ್ಕೊಂಡು ಹೋದ್ರು."

ಮುಂದಿನ ವಾರ ಹುಟ್ಟಿದ ಮಗು ಉಳಿಯಲಿಲ್ಲ. ಕಾನ್ರಾಡ್ ತನ್ನ ಹೆಸರನ್ನು ಕಾನ್ ಸ್ಟೋನ್ ಮಾಡಿಕೊಂಡ. ಮನೆಯಲ್ಲಿ ಜರ್ಮನ್ ಕೂಡದೆಂದ. ಅಜ್ಜಿಗೆ ಬೇರೆ ಭಾಷೆ ಅಷ್ಟಾಗಿ ಬರುತ್ತಿರಲಿಲ್ಲ, ಕಲಿಯಲೂ ಇಲ್ಲ. ಹಾಗಾಗಿ ಆ ಮನೆಯಲ್ಲಿ ಮಾತೇ ನಿಂತುಹೋಯಿತು. ಅವಳು ಅವನಿಗೆ ಬಡಿಸುತ್ತಿದ್ದಳು, ಅವನು ಗಣಿಯಿಂದ ಬಂದಾಗ ನೀರು ಕಾಯಿಸುತ್ತಿದ್ದಳು, ಆದರೆ ಅವನು ಉಣ್ಣುವ ಮೇಜಿಗೆ ಕೂರುತ್ತಿರಲಿಲ್ಲ.

"ಗಣೀಲಿ ಇನ್ನೊಂದು ತಮಾಷೆ," ಅಂದರು ಅಪ್ಪ. ಮುಖದಲ್ಲಿ ತಮಾಷೆಯ ಸುಳಿವಿರಲಿಲ್ಲ. "ಅವನನ್ನ ಮುಂದೆ ಮಾಡ್ಕೊಂಡು ಹೋದ್ರಲ್ಲ, ಅದೇ ಜನ, 'ಜೊತೆಗಾರನ್ನೇ ಹಿಡಿದುಕೊಟ್ಟವನು ಇವನು, ಇವನ ಪಕ್ಕ ನಾವು ಕೆಲಸ ಮಾಡಲ್ಲ' ಅಂದ್ರು. ಟೇಟ್ ಅವನನ್ನ ಒಬ್ಬನೇ ಹಾಕ್ದ. ಯಾವ ಜಾಗದಲ್ಲಿ ಮೇಲಿನ ಬಂಡೆ ಸಡಿಲ ಇದೆಯೋ ಅಲ್ಲಿಗೇ. ಒಬ್ಬನೇ ಕೊರೆದು, ಒಬ್ಬನೇ ತುಂಬಿ, ಅಷ್ಟು ವರ್ಷ. ನಾನು ಹೋಗ್ತೀನಿ ಜೊತೆಗೆ ಅಂದೆ. ಅಮ್ಮ ಬಾಗಿಲಿಗೆ ಅಡ್ಡ ನಿಂತ್ಲು. ಬಂಡೆ ಬಿದ್ದಾಗ ಕೂಗಿದ್ರೂ ಕೇಳೋರು ಇರ್ಲಿಲ್ಲ. ಸಂಜೆ ಎಲ್ಲರೂ ಒಪ್ಪಿಸೋ ದೀಪದಲ್ಲಿ ಅವನದು ವಾಪಸ್ ಬರ್ಲಿಲ್ಲ ಅಂತ ಮರುದಿನ ಹುಡುಕಿದ್ರು."

"ಹಾಗಾದ್ರೆ ತಪ್ಪು ಟೇಟ್‌ನದು."

"ತಪ್ಪು ನಮ್ಮಪ್ಪಂದು," ಅಪ್ಪ ಬೂಟನ್ನು ನೆಲಕ್ಕೆ ಎಸೆದರು. "ಬಾಗಿಲ ಹತ್ರ ಸುಳ್ಳು ಹೇಳಿದ್ದು ಅವನ ಬಾಯಿ. ಅದನ್ನ ಯಾರ ತಲೆಗೂ ಕಟ್ಟಬೇಡ. ಆದ್ರೆ ಹಗ್ಗ ಅವನದಲ್ಲ. ಬಣ್ಣ ಅವನದಲ್ಲ. ಈಗ ಆ ಓರ್ವಿಲ್ ಟೇಟ್ ಹೆಸರು ಕಲ್ಲಿನ ತುದೀಲಿ ದಪ್ಪಕ್ಷರದಲ್ಲಿ ಬರುತ್ತೆ, ಮೇಸ್ತ್ರಿ ಅಂತ. ಅದಕ್ಕೇ ನಿಂಗೆ ಸುಮ್ನೆ ಇರು ಅಂದಿದ್ದು. ಆ ಕಲ್ಲು ನನಗೆ ಬೇಡ."

ಆದರೆ ನಾನು ಹೋದೆ. ಸಮಿತಿಯ ಮುಂದಿನ ಸಭೆ ನಡೆದದ್ದು ಹಳೆಯ ಸಭಾಂಗಣದಲ್ಲಿ, ಹೆರ್ಮನ್‌ನನ್ನು ಮಂಡಿಯೂರಿಸಿದ ಅದೇ ಮೆಟ್ಟಿಲು ಹತ್ತಿಯೇ ಎಲ್ಲರೂ ಒಳಗೆ ಹೋದರು. ಮಿಸ್ ಮೊದಲೇ ಬಂದು ಕೂತಿದ್ದರು. ನನ್ನನ್ನು ನೋಡಿ ಲೈಲ್‌ನ ಹುಬ್ಬು ಮೇಲೆ ಹೋಯಿತು.

"ವೆಲ್ಡಾ, ಅದು ಆಗಲೇ ತೀರ್ಮಾನ ಆಗಿದೆ."

"ನಮ್ಮ ತಾತನ ಹೆಸರು ಹಾಕಿ ಅನ್ನೋಕೆ ಬಂದಿಲ್ಲ, ಲೈಲ್. ಅವನು ಮಾಡಿದ್ದು ಗೊತ್ತಾಯ್ತು. ಹಾಕ್ಬೇಡಿ. ನಿಮ್ಮ ತಾತನ ಹೆಸರೂ ಬೇಡ ಅನ್ನೋಕೆ ಬಂದೆ."

ಕೋಣೆಯಲ್ಲಿ ಯಾರೋ ನಕ್ಕರು. ಲೈಲ್‌ನ ಕಿವಿ ಕೆಂಪಾಯಿತು. "ಎರ್ವಿನ್ ಹೇಳಿಕೊಟ್ಟು ಕಳಿಸಿದಾನಾ? ನಮ್ಮ ತಾತ ಅವತ್ತು ಊರಲ್ಲೇ ಇರ್ಲಿಲ್ಲ. ಮನೆ ಮರ್ಯಾದೆ ಉಳಿಸ್ಕೊಳ್ಳೋಕೆ ಬೇರೆಯವರ ಮೇಲೆ ಕೆಸರು ಎರಚ್ತಾರಾ? ನಿಮ್ಮೋರು ಅವತ್ತೂ ಹೀಗೇ, ಇವತ್ತೂ ಹೀಗೇ."

"ಮಿಸ್ ಅಲ್ಲಿದ್ರು. ಅವರನ್ನ ಕೇಳಿ."

ಎಲ್ಲರೂ ಅವರತ್ತ ತಿರುಗಿದರು. ಮಿಸ್ ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ಕೈಗೆ ಸಿಕ್ಕಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದರು. ಹೇಳುವುದಿಲ್ಲ ಎಂದೇ ನಾನು ಅಂದುಕೊಂಡೆ.

"ಇದ್ದ," ಅಂದರು ಕೊನೆಗೆ. "ಬಣ್ಣದ ಡಬ್ಬಿ ಓರ್ವಿಲ್ ಕೈಲಿತ್ತು."

ಲೈಲ್ ದನಿ ಮೆತ್ತಗೆ ಮಾಡಿಕೊಂಡ. "ಮಿಸ್, ಒಂಬತ್ತು ವರ್ಷದ ಹುಡುಗಿ, ಅಷ್ಟು ಜನ, ಅಷ್ಟು ಗಲಾಟೆ. ಅದೂ ಇಷ್ಟು ವರ್ಷದ ಮೇಲೆ ನೆನಪು ಹೇಗೆ..."

"ಲೈಲ್, ನಿನಗೆ ಮಗ್ಗಿ ಬಾಯಿಗೆ ಬರ್ಲಿಲ್ಲ ಅನ್ನೋದೂ ನೆನಪಿದೆ ನನಗೆ." ಅವರು ಮೇಜು ಹಿಡಿದುಕೊಂಡು ಎದ್ದು ನಿಂತರು. "ಡಬ್ಬಿ ಅವನದು. ಹಿಂದಿನಿಂದ ಅಪ್ಪನ ಕೂದಲು ಹಿಡಿದು ಮುಖ ಮೇಲೆ ಮಾಡಿದ್ದು ಇಗೋ, ಇವನ ಅಪ್ಪ." ಅವರು ಮೂಲೆಯಲ್ಲಿ ಕೂತಿದ್ದ ಒಬ್ಬನ ಕಡೆ ಬೆರಳು ತೋರಿಸಿದರು. ಆಗಲೇ ನಕ್ಕಿದ್ದವನು ಅವನೇ. "ಇನ್ನೂ ಹೇಳ್ಬೇಕಾ? ಇಲ್ಲಿ ಕೂತಿರೋ ಎಷ್ಟು ಜನರ ಮನೆಯವರ ಹೆಸರು ಬರುತ್ತೆ ಗೊತ್ತಾ?"

ಲೈಲ್ ಕುರ್ಚಿ ಹಿಂದೆ ತಳ್ಳಿದ. "ಸಭೆ ಮುಗೀತು. ಕಲ್ಲು ಆಗಲೇ ಕೆತ್ತೋಕೆ ಹೋಗಿದೆ. ಯಾರ ಹೆಸರೂ ತೆಗೆಯೋಕಾಗಲ್ಲ."

"ಒಂದು ತೆಗೀಬೋದು," ಅಂದರು ಮಿಸ್. "ನಮ್ಮಪ್ಪಂದು ತೆಗಿ. ಓರ್ವಿಲ್ ಟೇಟ್ ಕೆಳಗೆ ಅವರು ಇನ್ನೊಂದು ಸಲ ಮಂಡಿಯೂರೋದು ಬೇಡ."

ಹೊರಗೆ ಬಂದಾಗ ಅವರು ಕಾರಿನ ಬಾಗಿಲಿನ ಬೀಗದ ಜೊತೆ ಗುದ್ದಾಡುತ್ತಿದ್ದರು. ನಾನು ಸಹಾಯಕ್ಕೆ ಹೋದೆ. ಕೀಲಿ ಹಿಡಿದ ಮುಷ್ಟಿಯಿಂದಲೇ ನನ್ನನ್ನು ದೂರ ತಳ್ಳಿದರು.

"ಸಮಾಧಾನ ಆಯ್ತಾ?" ಅಂದರು.

"ಟೇಟ್ ಹೆಸರು ನಿಮಗೆ ಮೊದಲಿಂದ ಗೊತ್ತಿತ್ತು. ಮತ್ಯಾಕೆ ನಮ್ಮನ್ನ ಮಾತ್ರ? ಮೂರನೇ ಕ್ಲಾಸಿನ ಹುಡುಗಿ ನಾನು, ನಾನೇನು ಮಾಡಿದ್ದೆ?"

ಅವರು ಕಾರಿಗೆ ಒರಗಿ ನಿಂತರು. ಉತ್ತರ ಹುಡುಕುತ್ತಿದ್ದರೆಂದು ಅನ್ನಿಸಲಿಲ್ಲ. ಉತ್ತರ ಅವರ ಹತ್ತಿರ ಯಾವತ್ತಿನಿಂದಲೋ ಇತ್ತು.

"ಟೇಟ್ ಮನೆಯವರ ಹತ್ರ ನಮ್ಮಮ್ಮ ಪೊರಕೆ ಮಾರ್ಬೇಕಿತ್ತು. ನನ್ನನ್ನ ಶಾಲೆ ಕೆಲಸಕ್ಕೆ ತಗೊಂಡೋರೂ ಅವರೇ. ಅವರನ್ನ ಬಯ್ಯೋ ಹಾಗಿರ್ಲಿಲ್ಲ. ನಿಮ್ಮನ್ನ ಬಯ್ಯಬಹುದಿತ್ತು." ಬೀಗ ತೆರೆಯಿತು. "ಮತ್ತೆ ಅವರು ಯಾರೂ ನನ್ನನ್ನ ಇಲಿಮರಿ ಅಂತ ಕರೆದೋರಲ್ಲ. ನಿಮ್ಮ ತಾತನ್ನ ನಾನು ಕ್ಷಮಿಸಿಲ್ಲ, ವೆಲ್ಡಾ. ಕ್ಷಮಿಸೋದೂ ಇಲ್ಲ. ಪಕ್ಕಕ್ಕೆ ಸರಿ, ಕಾಲ ಮೇಲೆ ಚಕ್ರ ಹತ್ತುತ್ತೆ."

ಸೆಪ್ಟೆಂಬರಿನಲ್ಲಿ ಕಲ್ಲು ನಿಂತಿತು. ಬ್ಯಾಂಡು ಬಾರಿಸಿದರು, ಸಾಸೇಜು ಸುಟ್ಟರು, ಲೈಲ್ ಭಾಷಣ ಮಾಡಿದ. ಓರ್ವಿಲ್ ಟೇಟ್ ಎಲ್ಲರಿಗಿಂತ ಮೇಲಿದ್ದಾನೆ. ಒಂದೇ ಜಾಗದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ದುಡಿದ ಆ ಇಬ್ಬರು ಅದರ ಮೇಲೆ ಇಲ್ಲ. ಅಪ್ಪ, ನಾನು ಹೋಗಲಿಲ್ಲ. ಅವರು ಬೇಸಿಗೆಯೆಲ್ಲ ನನ್ನ ಜೊತೆ ಮಾತು ಬಿಟ್ಟಿದ್ದರು. ಬೇಡ ಅಂದರೂ ಸಭೆಗೆ ಹೋಗಿ ಆ ಮಾತು ಎತ್ತಿದ್ದಕ್ಕೆ. ಕಲ್ಲು ನಿಂತ ಸಂಜೆ ತಾವಾಗಿಯೇ ಬಾಯಿಬಿಟ್ಟು, ತಾತ ಬುತ್ತಿಯ ಡಬ್ಬಿಯಲ್ಲಿ ಯಾವಾಗಲೂ ಸೇಬಿನ ಅರ್ಧ ಭಾಗ ಉಳಿಸಿಕೊಂಡು ಬಂದು ತಮಗೆ ಕೊಡುತ್ತಿದ್ದುದನ್ನು ಹೇಳಿದರು. ಇದ್ದಲಿನ ರುಚಿ ಬರುತ್ತಿತ್ತಂತೆ. ಅದನ್ನು ಹೇಳುವಾಗಲೂ ಕೋಪದಲ್ಲೇ ಇದ್ದರು. ತಾತನ ಬಗ್ಗೆ ನನಗೆ ಸಿಕ್ಕಿದ ಒಳ್ಳೆಯ ಮಾತು ಅದೊಂದೇ.

ಮಿಸ್ ಬ್ರೂಗೆಮಾನ್ ಈಗಲೂ ಅಂಗಡಿಯಲ್ಲಿ ಎದುರಾದರೆ ನನ್ನ ಮುಖ ನೋಡುವುದಿಲ್ಲ. ಆದರೆ ಟೇಟ್ ಅಂಗಡಿಗೆ ಹೋಗುವುದನ್ನು ಬಿಟ್ಟಿದ್ದಾರೆ; ಒಂದು ಮೊಳೆ ಬೇಕಾದರೂ ಪಕ್ಕದ ಊರಿಗೆ ಕಾರು ಓಡಿಸುತ್ತಾರೆ. ನಾನೂ ಅಲ್ಲಿಗೇ ಹೋಗುತ್ತೇನೆ. ಒಮ್ಮೆ ಇಬ್ಬರೂ ಒಂದೇ ಸಾಲಿನಲ್ಲಿ, ಒಬ್ಬರ ಹಿಂದೆ ಒಬ್ಬರು ನಿಂತಿದ್ದೆವು. ಅವರು ಮೊಳೆ ಕೊಂಡು ಹೊರಟರು, ನಾನು ನನ್ನ ಸರದಿಗೆ ಮುಂದೆ ಸರಿದೆ.

ಶಾಲೆ ಶುರುವಾದ ಮೇಲೆ ಲೈಲ್‌ನ ಮೊಮ್ಮಗಳು ನನ್ನ ಬಸ್ಸಿಗೆ ಬರತೊಡಗಿದಳು. ಮೊದಲ ದಿನ ಮೆಟ್ಟಿಲ ಮೇಲೆ ನಿಂತು, ಚೀಲವನ್ನು ಎದೆಗವಚಿಕೊಂಡು, "ನಿಮ್ಮ ಹತ್ರ ಮಾತಾಡ್ಬಾರ್ದು ಅಂತ ನಮ್ಮ ತಾತ ಹೇಳಿದಾರೆ," ಅಂದಳು.

"ಹಾಗಾದ್ರೆ ಮಾತಾಡ್ಬೇಡ," ಅಂದೆ. "ಕೂತ್ಕೋ, ಬಸ್ ಹೊರಡುತ್ತೆ."